ಉಚಿತ ಮತ್ತು ಔಚಿತ್ಯ: ಮನೆಯ ಕಂಪ್ಯೂಟರಿಗೊಂದು ಆಫೀಸ್ ತಂತ್ರಾಂಶ

ಕನ್ನಡದಲ್ಲಿ ‘ಉಚಿತ’ ಎಂಬ ಮಾತಿಗೆ ಎರಡು ಅರ್ಥ. ಅಂಗಡಿಯ ಫಲಕದ ಮೇಲೆ ಬರೆದಾಗ ಅದು ದುಡ್ಡಿಲ್ಲದೆ ಸಿಗುವುದು. ಹಿರಿಯರು ‘ಇದು ಉಚಿತವಲ್ಲ’ ಎಂದಾಗ ತಕ್ಕದ್ದಲ್ಲ ಎಂದು. ಈ ಎರಡನೆಯ ಅರ್ಥದಿಂದ ಹುಟ್ಟಿದ್ದೇ ಔಚಿತ್ಯ. 11ನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರ ಅದನ್ನು ಕಾವ್ಯದ ಜೀವವೆಂದೇ ಕರೆದ. ಅಲಂಕಾರ ಎಷ್ಟೇ ಚೆಂದವಿರಲಿ, ಇರಬೇಕಾದ ಜಾಗದಲ್ಲಿ ಇಲ್ಲದಿದ್ದರೆ ನಗೆಪಾಟಲು ಎಂಬುದು ಅವನ ವಾದದ ಸಾರ. ಸೊಂಟದ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡ ಹಾಗೆ.

ಕವಿತೆ, ಕಾದಂಬರಿ, ಸಿನಿಮಾಗಳನ್ನು ಈ ಅಳತೆಗೋಲಿನಲ್ಲಿ ಅಳೆಯುವ ನಾವು, ಅವುಗಳ ಬಗ್ಗೆ ಬರೆಯಲು ಬಳಸುವ ತಂತ್ರಾಂಶವನ್ನು ಮಾತ್ರ ಯಾವತ್ತೂ ಅಳೆಯುವುದಿಲ್ಲ. ಯಾರೋ ಹಾಕಿಕೊಟ್ಟಿದ್ದು, ನಡೆಯುತ್ತಿದೆ, ಸಾಕು. ಅದಕ್ಕೇ ಈ ಸಲ ಪುಸ್ತಕವನ್ನು ಬದಿಗಿಟ್ಟು ಆಫೀಸ್ ತಂತ್ರಾಂಶಗಳ ವಿಮರ್ಶೆಗೆ ಕೂತಿದ್ದೇನೆ. ಪ್ರಶ್ನೆ ಒಂದೇ: ಊರು ಬಿಟ್ಟು ಬಂದ, ಕೈಯಲ್ಲಿ ಹೆಚ್ಚು ಕಾಸಿಲ್ಲದ, ಆದರೆ ಕನ್ನಡದಲ್ಲಿ ಬರೆಯುವ ಒಬ್ಬರಿಗೆ ದುಡ್ಡಿಲ್ಲದೆ ಸಿಗುವವುಗಳಲ್ಲಿ ತಕ್ಕದ್ದು ಯಾವುದು?

ಲಕ್ಷ್ಮೀ ನಗರದಲ್ಲಿ ಇರುವವರಿಗೆ ಇದು ತಮಾಷೆಯ ಪ್ರಶ್ನೆಯಲ್ಲ. ವಿಕಾಸ್ ಮಾರ್ಗದ ಎರಡೂ ಬದಿಗೆ ಸಿ.ಎ. ಕೋಚಿಂಗ್ ಸೆಂಟರುಗಳು, ಅವುಗಳ ಹಿಂದಿನ ಗಲ್ಲಿಗಳಲ್ಲಿ ಪಿಜಿಗಳು, ಪಿಜಿಗಳ ಕೆಳಗೆ ಜೆರಾಕ್ಸ್ ಅಂಗಡಿಗಳು. ಇಲ್ಲಿ ಪ್ರತಿ ಕೋಣೆಯಲ್ಲೂ ಒಂದು ಲ್ಯಾಪ್‌ಟಾಪ್ ಇದೆ. ಬಹಳಷ್ಟು ನೆಹರೂ ಪ್ಲೇಸಿನಿಂದ ತಂದ ಸೆಕೆಂಡ್ ಹ್ಯಾಂಡ್ ಯಂತ್ರಗಳು. ಅದರಲ್ಲಿ ಹಗಲು ಎಕ್ಸೆಲ್, ರಾತ್ರಿ ರೆಸ್ಯೂಮೆ. ನಮ್ಮಂಥ ಕೆಲವರಿಗೆ ಮಧ್ಯರಾತ್ರಿಯ ಮೇಲೆ ಒಂದು ಕನ್ನಡ ಕತೆ, ಅಥವಾ ಊರಿನ ಜಮೀನಿನ ಬಗ್ಗೆ ತಹಶೀಲ್ದಾರರಿಗೆ ಅಪ್ಪನ ಪರವಾಗಿ ಬರೆಯಬೇಕಾದ ಒಂದು ಅರ್ಜಿ.

ಮೊದಲು ಕಳ್ಳಪ್ರತಿಯ ವಿಷಯ, ಯಾಕೆಂದರೆ ನಮ್ಮ ಕೋಣೆಗಳಲ್ಲಿ ನಿಜವಾದ ‘ಉಚಿತ’ ಎಂದರೆ ಅದೇ. ಲ್ಯಾಪ್‌ಟಾಪ್ ಕೊಂಡ ದಿನವೇ ಮಾರುವವನು ಪೆನ್‌ಡ್ರೈವ್ ಹಾಕಿ ಎಂಎಸ್ ಆಫೀಸನ್ನು ‘ಆಕ್ಟಿವೇಟ್’ ಮಾಡಿಕೊಡುತ್ತಾನೆ. ಅದನ್ನು ಕದ್ದ ಮಾಲು ಎಂದು ಉಪದೇಶ ಮಾಡುವುದಕ್ಕಿಂತ ಅದು ಕೆಲಸ ಮಾಡುವ ಬಗೆಯನ್ನು ನೋಡೋಣ. ಆ ಆಕ್ಟಿವೇಟರ್ ಓಡಬೇಕಾದರೆ ಸಾಮಾನ್ಯವಾಗಿ ಆ್ಯಂಟಿವೈರಸ್ ಆರಿಸಿರಬೇಕು, ಯಂತ್ರದ ಪೂರ್ತಿ ಅಧಿಕಾರವನ್ನು ಗುರುತಿಲ್ಲದವರು ಬರೆದ ಪ್ರೋಗ್ರಾಮಿಗೆ ಒಪ್ಪಿಸಬೇಕು. ಅದೇ ಯಂತ್ರದಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಇರುತ್ತದೆ. ಆರ್ಟಿಕಲ್‌ಶಿಪ್ ಮಾಡುವ ಹುಡುಗರ ಯಂತ್ರದಲ್ಲಿ ಯಾರದೋ ಕಂಪನಿಯ ಲೆಕ್ಕಪತ್ರವೂ ಇರುತ್ತದೆ. ಬೀಗ ರಿಪೇರಿಗೆ ಬಂದವನ ಕೈಗೆ ಮನೆಯ ಕೀಲಿ ಕೊಟ್ಟು ಕಳಿಸಿದ ಹಾಗೆ. ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ‘ಲೈಫ್‌ಟೈಮ್ ಕೀ’ಗಳದೂ ಹೆಚ್ಚುಕಡಿಮೆ ಇದೇ ಕತೆ. ಹಲವು ಬಾರಿ ಅವು ಸಂಸ್ಥೆಗಳಿಗೆಂದು ಕೊಟ್ಟ ಪರವಾನಗಿಯ ಚೂರುಗಳು. ಮೂಲದಲ್ಲಿ ರದ್ದಾದ ದಿನ ನಿಮ್ಮ ಲೈಫ್‌ಟೈಮ್ ಕೂಡ ಮುಗಿಯುತ್ತದೆ.

ಎರಡನೆಯದು ಬ್ರೌಸರಿನಲ್ಲೇ ನಡೆಯುವ ಆಫೀಸು. ಗೂಗಲ್ ಡಾಕ್ಸ್, ಮೈಕ್ರೋಸಾಫ್ಟಿನ ವೆಬ್ ಆವೃತ್ತಿ, ಚೆನ್ನೈ ಮೂಲದ ಜೋಹೋ, ಮೂರನ್ನೂ ಖಾತೆಯೊಂದಿದ್ದರೆ ಕಾನೂನುಬದ್ಧವಾಗಿ, ದುಡ್ಡಿಲ್ಲದೆ ಬಳಸಬಹುದು. ಕನ್ನಡದ ಮಟ್ಟಿಗೆ ಗೂಗಲ್ ಮಾಡಿರುವ ಉಪಕಾರ ದೊಡ್ಡದು. ಕನ್ನಡದಲ್ಲಿ ಮಾತಾಡಿದರೆ ಅಕ್ಷರ ಮೂಡಿಸುತ್ತದೆ, ಹಳೆಯ ಮುದ್ರಿತ ಪುಟದ ಚಿತ್ರವನ್ನು ಡ್ರೈವಿಗೆ ಹಾಕಿ ಡಾಕ್ಸಿನಲ್ಲಿ ತೆರೆದರೆ ಅದರ ಕನ್ನಡ ಪಠ್ಯವನ್ನು ಬಿಡಿಸಿಕೊಡುತ್ತದೆ. ನಾಲ್ಕು ಊರುಗಳಲ್ಲಿರುವ ನಾಲ್ವರು ಒಂದೇ ಲೇಖನವನ್ನು ತಿದ್ದಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಕೊರತೆಯೂ ಅಲ್ಲೇ ಇದೆ. ಬರಹ ಇರುವುದು ನಿಮ್ಮ ಯಂತ್ರದಲ್ಲಲ್ಲ. ಗೂಗಲ್ ಕೊಡುವ 15 ಜಿಬಿ ಜಾಗವನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಮೈಕ್ರೋಸಾಫ್ಟ್ ಕೊಡುವುದು 5 ಜಿಬಿ. ಮದುವೆಯ ವಿಡಿಯೋಗಳಿಂದ ಜಾಗ ತುಂಬಿದ ದಿನ ನಿಮ್ಮ ಕತೆಯೂ ಬಾಡಿಗೆ ಕೇಳುತ್ತದೆ. ಕಾಲೇಜಿನ ಮೇಲ್ ಐಡಿಯಿಂದ ಪಡೆದ ಆಫೀಸ್ ಕಾಲೇಜಿನ ಜೊತೆಗೇ ಮುಗಿಯುತ್ತದೆ. ಜೊತೆಗೆ ಪರೀಕ್ಷೆಯ ತಿಂಗಳಲ್ಲಿ ಪಿಜಿಯ ವೈಫೈ ಹೇಗಿರುತ್ತದೆ ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಆಫ್‌ಲೈನ್ ಬರೆಯುವ ವ್ಯವಸ್ಥೆ ಡಾಕ್ಸಿನಲ್ಲಿದೆ, ಆದರೆ ನೆಟ್ ಇರುವಾಗಲೇ ಅದನ್ನು ಆನ್ ಮಾಡಿಟ್ಟಿರಬೇಕು. 2025ರ ಅಕ್ಟೋಬರಿನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ತನ್ನ ಅಧಿಕಾರಿಗಳಿಗೆ ಜೋಹೋ ಬಳಸುವಂತೆ ಸೂಚಿಸಿತು. ಸ್ವದೇಶಿ ಎಂಬ ಸಮಾಧಾನ ಸರಿ, ಆದರೆ ಬಾಡಿಗೆ ಮನೆಯ ಮಾಲೀಕ ನಮ್ಮೂರಿನವನಾದ ಮಾತ್ರಕ್ಕೆ ಮನೆ ಸ್ವಂತದ್ದಾಗುವುದಿಲ್ಲ.

ಮೂರನೆಯದು ಲಿಬ್ರೆಆಫೀಸ್. ಈ ಲೇಖನದ ಹೆಚ್ಚಿನ ಜಾಗ ಅದಕ್ಕೇ ಸಲ್ಲಬೇಕು. ಇದರ ವಂಶವೃಕ್ಷ ಜರ್ಮನಿಯಿಂದ ಶುರುವಾಗುತ್ತದೆ. ಅಲ್ಲಿನ ಸ್ಟಾರ್ ಡಿವಿಷನ್ ಎಂಬ ಕಂಪನಿಯ ಸ್ಟಾರ್‌ಆಫೀಸನ್ನು 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕೊಂಡುಕೊಂಡಿತು. 2000ದಲ್ಲಿ ಅದರ ಮೂಲಸಂಕೇತವನ್ನು ಎಲ್ಲರಿಗೂ ತೆರೆದಿಟ್ಟಿತು. ಅದು ಓಪನ್‌ಆಫೀಸ್ ಆಯಿತು. 2010ರಲ್ಲಿ ಸನ್ ಒರಾಕಲ್‌ನ ಪಾಲಾದಾಗ, ಅದನ್ನು ಕಟ್ಟುತ್ತಿದ್ದ ಬಹುಮಂದಿ ಹೊರಬಂದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಿಬ್ರೆಆಫೀಸ್ ಆರಂಭಿಸಿದರು. ಕಂಪನಿ ಕೈಬದಲಾಯಿಸಿದರೂ ಬರಹಗಾರನ ಕೈಯಲ್ಲಿದ್ದ ತಂತ್ರಾಂಶ ಉಳಿಯಿತು. ಮೂಲ ಎಲ್ಲರದಾಗಿದ್ದರಿಂದಲೇ ಇದು ಸಾಧ್ಯವಾಯಿತು. ಒಂದು ಎಚ್ಚರಿಕೆ: ಓಪನ್‌ಆಫೀಸ್ ಎಂಬ ಹೆಸರಿನದು ಇನ್ನೂ ಡೌನ್‌ಲೋಡಿಗೆ ಸಿಗುತ್ತದೆ. ಅದರ 4.1 ಸರಣಿ ಬಂದದ್ದು 2014ರಲ್ಲಿ. ಆಮೇಲೆ ಸಣ್ಣಪುಟ್ಟ ತೇಪೆಗಳಷ್ಟೇ. ಹೊಸಬರು ಅದರ ಗೊಡವೆಗೆ ಹೋಗಬೇಡಿ.

ಕನ್ನಡಕ್ಕೆ ಇದು ಎಷ್ಟು ತಕ್ಕದ್ದು? ಪರೀಕ್ಷೆಗೆ ನಮ್ಮ ಬೀದಿಯಲ್ಲೇ ಒಂದು ಪದವಿದೆ: ರ‍್ಯಾಂಕ್. ಕೋಚಿಂಗ್ ಸೆಂಟರುಗಳ ಫಲಕಗಳ ತುಂಬ ಇರುವ ಈ ಪದವನ್ನು ಕನ್ನಡದಲ್ಲಿ ಸರಿಯಾಗಿ ಬರೆಯಬೇಕಾದರೆ ರ ಪೂರ್ತಿಯಾಗಿ ನಿಂತು ಅದರ ಕೆಳಗೆ ಯ ಒತ್ತಾಗಬೇಕು. ಇಲ್ಲವಾದರೆ ಅರ್ಕಾವತ್ತಾಗಿ ‘ಕಾರ್ಯಾಲಯ’ದ ಬಾಲದಂತೆ ಕಾಣುತ್ತದೆ. ಕಣ್ಣಿಗೆ ಕಾಣದ ಒಂದು ಜೋಡಣೆಯ ಗುರುತು ಈ ವ್ಯತ್ಯಾಸವನ್ನು ಕಾಯುತ್ತದೆ. 2017ರ 5.3 ಆವೃತ್ತಿಯಿಂದ ಲಿಬ್ರೆಆಫೀಸ್ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಅಕ್ಷರ ಜೋಡಿಸಲು ಹಾರ್ಫ್‌ಬಜ್ ಎಂಬ ಒಂದೇ ಯಂತ್ರವನ್ನು ಬಳಸುತ್ತದೆ. ಹಾಗಾಗಿ ಲೋಹಿತ್, ನೋಟೋ, ನವಿಲು, ಗುಬ್ಬಿಯಂಥ ಯೂನಿಕೋಡ್ ಫಾಂಟುಗಳ ಜೊತೆ ಒತ್ತಕ್ಷರಗಳು ಅಚ್ಚುಕಟ್ಟಾಗಿ ಕೂರುತ್ತವೆ. ಆ ಫಾಂಟುಗಳಿಗೂ ದುಡ್ಡಿಲ್ಲ.

ಹೊಸಬರನ್ನು ಕಂಗೆಡಿಸುವ ಒಂದು ಸಂಗತಿಯಿದೆ. ಲಿಬ್ರೆಆಫೀಸ್ ಕನ್ನಡವನ್ನು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬ ಗುಂಪಿಗೆ ಸೇರಿಸಿ, ಇಂಗ್ಲಿಷಿಗೊಂದು ಫಾಂಟು, ಕನ್ನಡಕ್ಕೊಂದು ಫಾಂಟು ಎಂದು ಬೇರೆಬೇರೆ ಇಡುತ್ತದೆ. ಇಂಗ್ಲಿಷಿನ ಅಳತೆ 14 ಮಾಡಿದರೂ ಕನ್ನಡ 12ರಲ್ಲೇ ಕೂತಿರಬಹುದು. ಟೂಲ್ಸ್ ಮೆನುವಿನ ಆಪ್ಷನ್ಸ್‌ನಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಆ ಗುಂಪಿಗೆ ಕನ್ನಡವನ್ನು ಆರಿಸಿ, ಆಮೇಲೆ ಪ್ಯಾರಾ ಶೈಲಿಯಲ್ಲೇ ಎರಡೂ ಫಾಂಟು ಗೊತ್ತುಮಾಡಿದರೆ ತಲೆನೋವು ಮುಗಿಯುತ್ತದೆ. ಟೈಪಿಂಗಿಗೆ ಬೇರೆ ಖರ್ಚಿಲ್ಲ. ವಿಂಡೋಸಿನಲ್ಲಿ 2019ರಿಂದ ಕನ್ನಡ ಫೊನೆಟಿಕ್ ಕೀಲಿಮಣೆ ಜೊತೆಗೇ ಬರುತ್ತದೆ. ನುಡಿಗೆ ಒಗ್ಗಿದ ಬೆರಳುಗಳಿಗೆ ಲಿನಕ್ಸಿನಲ್ಲೂ ಕಗಪ ವಿನ್ಯಾಸವಿದೆ.

ಇನ್ನು ಅದರ ಕನ್ನಡ ಮುಖಪುಟ. ಮೆನುಗಳನ್ನೂ ಕನ್ನಡದಲ್ಲಿ ನೋಡಬಹುದು. ಒಂದು ಅನುವಾದವಾಗಿ ಓದಿದರೆ ಅದು ಏರುಪೇರಾಗಿದೆ. ಹೊಸ ಸೌಲಭ್ಯಗಳ ಹೆಸರು ಇಂಗ್ಲಿಷಿನಲ್ಲೇ ಉಳಿದಿವೆ, ಕೆಲವು ಪದಗಳು ಸರಕಾರಿ ಸುತ್ತೋಲೆಯ ವಾಸನೆ ಹೊಡೆಯುತ್ತವೆ. ಆದರೆ ಫೈಲಿಗೆ ‘ಕಡತ’ ಎಂದಿರುವುದು ಚಿನ್ನದಂಥ ಆಯ್ಕೆ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ಶಾನುಭೋಗರ ಪುಸ್ತಕವೇ ಕಡತ. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಸಿ.ಎ. ಓದುವವರ ಬೀದಿಯಲ್ಲಿ ಇದಕ್ಕಿಂತ ಔಚಿತ್ಯವುಳ್ಳ ಪದ ಯಾವುದಿದ್ದೀತು? ಕಾಗುಣಿತ ತಿದ್ದುವ ವಿಭಾಗ ಮಾತ್ರ ಬಡವಾಗಿದೆ. ‘ಮನೆಯಲ್ಲಿದ್ದವರಿಗೂ’ ಎಂದು ಮೂರು ನಾಲ್ಕು ಪದರ ಕೂಡಿಸುವ ಭಾಷೆಯನ್ನು ಪದಪಟ್ಟಿಯೊಂದರಿಂದ ಹಿಡಿಯಲಾಗದು. ಸರಿಯಾದ ಪದಗಳ ಕೆಳಗೂ ಕೆಂಪು ಗೆರೆ ಬೀಳುತ್ತದೆ.

ಲೆಕ್ಕದವರಿಗೂ ನ್ಯಾಯವಾಗಿ ಹೇಳಬೇಕು. ಇದರ ಕ್ಯಾಲ್ಕ್‌ನಲ್ಲಿ ಪಿವೋಟ್ ಟೇಬಲ್, ವಿಲುಕಪ್ ಎಲ್ಲ ಇದೆ. 2024ರ ಆಗಸ್ಟಿನ 24.8 ಆವೃತ್ತಿಯಲ್ಲಿ ಎಕ್ಸ್‌ಲುಕಪ್ ಕೂಡ ಬಂತು. ಲಕ್ಷ, ಕೋಟಿಗೆ ಅಲ್ಪವಿರಾಮ ಹಾಕುವ ನಮ್ಮ ರೀತಿಯೂ ಗೊತ್ತಿದೆ. ಆದರೆ ಆಫೀಸಿನವರು ಕಳಿಸುವ ಮ್ಯಾಕ್ರೋ ತುಂಬಿದ ಎಕ್ಸೆಲ್ ಹಾಳೆ ಇಲ್ಲಿ ಎಡವುತ್ತದೆ. ಎಕ್ಸೆಲ್‌ನ ಪವರ್ ಕ್ವೆರಿಗೆ ಇಲ್ಲಿ ಸಾಟಿಯಿಲ್ಲ. ಸಂದರ್ಶನದಲ್ಲಿ ಕೇಳುವುದು ಎಕ್ಸೆಲ್ ಶಾರ್ಟ್‌ಕಟ್ಟುಗಳನ್ನೇ. ಅಂಥವರು ಎಕ್ಸೆಲನ್ನು ಕೋಚಿಂಗಿನ ಲ್ಯಾಬಿನಲ್ಲೋ ವೆಬ್ ಆವೃತ್ತಿಯಲ್ಲೋ ಅಭ್ಯಾಸ ಮಾಡುವುದೇ ಸರಿ. ಬೆಂಗಳೂರಿನ ಕಂಪನಿಯ ಟ್ಯಾಲಿಗೂ ದುಡ್ಡಿಲ್ಲದ ಕಲಿಕೆಯ ಆವೃತ್ತಿಯುಂಟು. ಅದರಲ್ಲಿ ತಿಂಗಳ 1, 2 ಮತ್ತು 31ನೆಯ ತಾರೀಖಿಗೆ ಮಾತ್ರ ಜಮಾಖರ್ಚು ಬರೆಯಬಹುದು. ಕಲಿಯುವವರಿಗೆ ಅಷ್ಟು ಸಾಕು, ಅಂಗಡಿ ನಡೆಸುವವರಿಗೆ ಸಾಲದು. ಎಲ್ಲಿಯವರೆಗೆ ಉಚಿತ ಎಂದು ಮೊದಲೇ ಹೇಳುವ ಪ್ರಾಮಾಣಿಕತೆಯಾದರೂ ಇದೆ.

ಇಷ್ಟೆಲ್ಲ ತೂಗುವಾಗ ನನ್ನ ತಕ್ಕಡಿಯಲ್ಲಿ ಅತಿ ಭಾರವಾದ ಬಟ್ಟು ಬೆಲೆಯಲ್ಲ, ಬಾಳಿಕೆ. ಕನ್ನಡಿಗರಿಗೆ ಇದರ ಅನುಭವ ಆಗಲೇ ಆಗಿದೆ. 1998ರಲ್ಲಿ ಬಂದ ‘ಬರಹ’, ಅದರ ಹಿಂದೆಯೇ ಬಂದ ಕನ್ನಡ ಗಣಕ ಪರಿಷತ್ತಿನ ‘ನುಡಿ’ ನಮ್ಮನ್ನು ಕಂಪ್ಯೂಟರಿನಲ್ಲಿ ಕನ್ನಡ ಬರೆಯುವವರನ್ನಾಗಿ ಮಾಡಿದವು. ಆ ಋಣ ಸಣ್ಣದಲ್ಲ. ಆದರೆ ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ‘ಕನ್ನಡ’ ಎಂಬ ಪದದ ನಡುವೆಯೇ ಪೌಂಡಿನ ಚಿಹ್ನೆ ಕಾಣಿಸಿಕೊಳ್ಳುತ್ತದೆ. ಊರಿನಿಂದ ಬಂದ ಸಿಡಿಯಲ್ಲಿರುವ ತಾತನ ಆತ್ಮಕಥೆ, ಸೋದರತ್ತೆಯ ಹಾಡುಗಳ ಸಂಗ್ರಹ ಇಂಥ ರೂಪದಲ್ಲಿ ಎಷ್ಟು ಮನೆಗಳಲ್ಲಿ ಸಿಕ್ಕಿಬಿದ್ದಿವೆಯೋ! ಅದೃಷ್ಟವಶಾತ್ ಅರವಿಂದ ವಿ.ಕೆ. ಅವರ ಪರಿವರ್ತಕದಂಥ, ಹಳೆಯ ಪಠ್ಯವನ್ನು ಯೂನಿಕೋಡಿಗೆ ತರುವ ಉಪಕರಣಗಳು ಮುಕ್ತವಾಗಿ ಸಿಗುತ್ತವೆ. ನವಿಲು, ಗುಬ್ಬಿ ಫಾಂಟುಗಳೂ ಅವರವೇ. ಪರಿವರ್ತಿಸಿದ ಮೇಲೆ ಒಂದು ಸಲ ಕೂತು ಒತ್ತಕ್ಷರಗಳನ್ನು ನೋಡಿ ತಿದ್ದಬೇಕು.

ಹಾಗಾಗಿಯೇ ಲಿಬ್ರೆಆಫೀಸ್ ಬರಹವನ್ನು ಉಳಿಸುವ ರೂಪ ಮುಖ್ಯವಾಗುತ್ತದೆ. ಓಡಿಎಫ್ ಎಂಬ ಈ ರೂಪ 2006ರಲ್ಲಿ ಐಎಸ್‌ಒ 26300 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಅದರ ಒಳಗಿನ ಕಟ್ಟು ಬಹಿರಂಗ. ನಾಳೆ ಲಿಬ್ರೆಆಫೀಸೇ ಇಲ್ಲವಾದರೂ ಬೇರೆ ಯಾರಾದರೂ ಅದನ್ನು ಓದುವ ಪ್ರೋಗ್ರಾಮ್ ಬರೆಯಬಹುದು. ಎಂಎಸ್ ವರ್ಡ್ ಬಳಸುವವರಿಗೆ ಕಳಿಸುವಾಗ ವರ್ಡ್ ರೂಪದಲ್ಲೂ ಉಳಿಸಬಹುದು. ಕೋಷ್ಟಕ, ಚಿತ್ರಗಳು ಆಚೀಚೆ ಸರಿದಾವು. ರೆಸ್ಯೂಮೆಯಾದರೆ ಪಿಡಿಎಫ್ ಕಳಿಸಿ, ಅಲ್ಲಿಗೆ ತಕರಾರಿಲ್ಲ.

ಇದೆಲ್ಲ ಉತ್ಸಾಹಿಗಳ ಹವ್ಯಾಸ ಎನ್ನುವವರು ಕಾಸರಗೋಡಿನ ಕಡೆ ನೋಡಬೇಕು. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ, 2017ರಿಂದ ಕೈಟ್ ಎಂಬ ಸಂಸ್ಥೆಯಾಗಿ, ಸರಕಾರಿ ಶಾಲೆಗಳ ಕಂಪ್ಯೂಟರುಗಳನ್ನು ಮುಕ್ತ ತಂತ್ರಾಂಶದಲ್ಲೇ ನಡೆಸುತ್ತಿದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲಿದೆ. ಅವರು ರೈಟರ್, ಕ್ಯಾಲ್ಕ್ ಕಲಿಯುವುದು ಕನ್ನಡದಲ್ಲೇ. ಕರ್ನಾಟಕದ ಹೊರಗಿರುವ ಗಡಿನಾಡಿನ ಮಕ್ಕಳು ಶಾಲೆಯಲ್ಲೇ ಕಲಿಯುವುದನ್ನು ರಾಜಧಾನಿಯ ಪದವೀಧರರಾದ ನಾವು ಒಂದು ಭಾನುವಾರದಲ್ಲಿ ಕಲಿಯಲಾರೆವೇ?

ತೀರ್ಪು ಹೀಗೆ. ಮನೆಯ ಯಂತ್ರಕ್ಕೆ ಲಿಬ್ರೆಆಫೀಸ್ ಹಾಕಿ, ಸ್ವಂತ ಬರಹವನ್ನು ಯೂನಿಕೋಡಿನಲ್ಲಿ, ಓಡಿಎಫ್ ರೂಪದಲ್ಲಿ ಇಡಿ. ಕೂಡಿ ಬರೆಯುವ ಕೆಲಸಕ್ಕೆ ಗೂಗಲ್ ಡಾಕ್ಸ್ ಇರಲಿ, ಮುಗಿದ ಪ್ರತಿಯನ್ನು ಮನೆಗೆ ಇಳಿಸಿಕೊಳ್ಳಿ. ನೌಕರಿಯೇ ಎಕ್ಸೆಲ್ ಕೇಳಿದರೆ, ಸಂಬಳ ಬಂದ ಮೇಲೆ ದುಡ್ಡು ಕೊಟ್ಟೇ ಕೊಳ್ಳಿ, ಅದರಲ್ಲಿ ನಾಚಿಕೆಯಿಲ್ಲ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿದ ಮೇಲೆ ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪ್ ಇದ್ದರೆ, ಲಿನಕ್ಸ್ ಹಾಕಿದರೆ ಅದೂ ಇನ್ನಷ್ಟು ವರ್ಷ ಬರೆಯುತ್ತದೆ.

ಯಾವುದನ್ನು ಆರಿಸಿದರೂ ಒಂದು ಸಣ್ಣ ಪರೀಕ್ಷೆ ಮಾಡಿ. ‘ರ‍್ಯಾಂಕ್’ ಪದವಿರುವ ಒಂದು ಪುಟ ಬರೆದು, ಊರಿನಲ್ಲಿರುವ ತಂಗಿಗೆ ಕಳಿಸಿ, ಅವಳ ಫೋನಿನಲ್ಲಿ ಹೇಗೆ ಕಾಣುತ್ತದೆ ಎಂದು ಕೇಳಿ. ಅವಳು ಏನನ್ನೂ ಇನ್‌ಸ್ಟಾಲ್ ಮಾಡದೆ, ಯಾರಿಗೂ ದುಡ್ಡು ಕೊಡದೆ ಅದನ್ನು ತಪ್ಪಿಲ್ಲದೆ ಓದಿದರೆ, ನಿಮ್ಮದು ತಕ್ಕ ಆಯ್ಕೆ.