ಊರುಭಂಗದಲ್ಲಿ ಶೋಕದ ನೆಲೆ

ಸಂಸ್ಕೃತ ರೂಪಕಗಳು ಸಾಮಾನ್ಯವಾಗಿ ಮಂಗಳದಲ್ಲಿ ಪರ್ಯವಸಾನ ಹೊಂದುವುವು. ನಾಯಕನ ವಧೆಯನ್ನು ತೋರಲಾಗದೆಂದು ದಶರೂಪಕದಲ್ಲಿ ಧನಂಜಯನು ವಿಧಿಸಿರುವನು. ಈ ಸಂಪ್ರದಾಯಕ್ಕೆ ಹೊರತಾಗಿ ನಿಂತಿರುವ ಏಕಾಂಕವು ‘ಊರುಭಂಗ’. ಟಿ. ಗಣಪತಿಶಾಸ್ತ್ರಿಗಳು 1912ರಿಂದ ತಿರುವನಂತಪುರದಲ್ಲಿ ಭಾಸಕೃತವೆಂದು ಪ್ರಕಟಿಸಿದ 13 ನಾಟಕಗಳಲ್ಲಿ ಇದೂ ಒಂದು. ಕರ್ತೃತ್ವದ ವಿವಾದವು ಅಂದಿನಿಂದಲೂ ಅಡಗಿಲ್ಲ. ಕೃತಿಯ ಬೆಲೆಗಾದರೋ ಅದರಿಂದ ಕುಂದಿಲ್ಲ. ತೊಡೆ ಮುರಿದು ಬಿದ್ದ ದುರ್ಯೋಧನನೇ ಇಲ್ಲಿಯ ನಾಯಕ. ಪ್ರೇಕ್ಷಕರ ಕಣ್ಣೆದುರಿನಲ್ಲಿಯೇ ಅವನು ಅಸುವನ್ನು ನೀಗುವನು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಕೇವಲ ದುಷ್ಟನಾದವನ ಪತನವು ಕರುಣೆಯನ್ನು ಹುಟ್ಟಿಸದೆಂದು ಯವನ ಪಂಡಿತನಾದ ಅರಿಸ್ಟಾಟಲನ ಮತ. ದ್ಯೂತಸಭೆಯ ದುರ್ಯೋಧನನಿಗಾಗಿ ಮರುಗಿದರೆ ದ್ರೌಪದಿಗೆ ದ್ರೋಹ ಬಗೆದಂತಾಗದೆ?

ಈ ಪ್ರಶ್ನೆಯನ್ನು ಕವಿಯು ಮರೆತವನಲ್ಲ. ಕೃಷ್ಣನು ತನ್ನ ತೊಡೆಯನ್ನು ತಟ್ಟಿ ಭೀಮನಿಗೆ ಸನ್ನೆ ಮಾಡಿದುದನ್ನೂ, ಆ ಅಧರ್ಮವನ್ನು ಕಂಡು ಬಲರಾಮನು ಕೆರಳಿದುದನ್ನೂ ಅವನು ತಿಳಿಸುವನು. ಸಾಮಾನ್ಯ ಕವಿಯಾಗಿದ್ದರೆ ನಾಯಕನನ್ನು ಬರಿಯ ಅನ್ಯಾಯಪೀಡಿತನನ್ನಾಗಿ ಮಾಡಿ ಅಲ್ಲಿಗೇ ನಿಲ್ಲಿಸುತ್ತಿದ್ದನು. ಇಲ್ಲಿಯಾದರೋ ಬಲರಾಮನ ಕೋಪವನ್ನು ತಡೆಯುವವನು ಸ್ವತಃ ದುರ್ಯೋಧನನೇ.

ಬಳಿಕ ಕುರುಡನಾದ ತಂದೆಯೂ, ತಾಯಿಯೂ, ಮಡದಿಯರೂ ರಣಭೂಮಿಯಲ್ಲಿ ಅವನನ್ನು ಅರಸುತ್ತ ಬರುವರು. ಎಳೆಯ ಮಗನಾದ ದುರ್ಜಯನು ವಾಡಿಕೆಯಂತೆ ತಂದೆಯ ತೊಡೆಯನ್ನೇರಲು ಹೋಗುವನು, ತಂದೆಯು ತಡೆಯುವನು. ಸಭಾಪರ್ವದಲ್ಲಿ ದ್ರೌಪದಿಗೆ ತೋರಿದ ತೊಡೆ ಅದು. ಪರಸತಿಯನ್ನು ಅವಮಾನಗೊಳಿಸಿದ ಅಂಗವೇ ಇಂದು ಸ್ವಂತ ಕೂಸಿಗೆ ಆಸನವಾಗಲಾರದು. ಗದೆಯ ಪೆಟ್ಟು ದೇಹಕ್ಕೆ ತಾಗಿತು. ಕರ್ಮದ ಪೆಟ್ಟು ಪಿತೃವಾತ್ಸಲ್ಯಕ್ಕೆ ತಾಗಿತು. ಈ ನಾಟಕದ ಶೋಕದ ನೆಲೆ ಇದು.

ತನ್ನನ್ನು ಸೇವಿಸಿದಂತೆ ಪಾಂಡವರನ್ನು ಸೇವಿಸಬೇಕೆಂದು ದುರ್ಯೋಧನನು ಮಗನಿಗೆ ಬುದ್ಧಿ ಹೇಳುವನು. ಸೇಡಿಗೆ ಹೊರಟ ಅಶ್ವತ್ಥಾಮನ ಎದುರಿನಲ್ಲಿ ದ್ರೌಪದಿಯ ಕೇಶಾಕರ್ಷಣ, ಬಾಲಕ ಅಭಿಮನ್ಯುವಿನ ವಧೆ, ಕಪಟದ್ಯೂತ, ಇವೆಲ್ಲವನ್ನೂ ತಾನೇ ಎಣಿಸಿ, ಪಾಂಡವರು ತನಗೆ ಮಾಡಿದುದು ಅಲ್ಪವೆಂದು ಒಪ್ಪಿಕೊಳ್ಳುವನು. ಆದರೆ ಕೇಳುವವರಾರು? ಅಶ್ವತ್ಥಾಮನು ದುರ್ಜಯನಿಗೆ ಮಾತಿನಿಂದಲೇ ಪಟ್ಟಗಟ್ಟುವನು. ಅದನ್ನು ಕೇಳಿ ದುರ್ಯೋಧನನೂ ತೃಪ್ತನಾಗುವನು! ರಾಜ್ಯದ ಮೋಹವು ಪೂರ್ತಿ ಹರಿದಿರಲಿಲ್ಲ. ಆದುದರಿಂದ ಕವಿಯು ಅವನನ್ನು ಸಾಧುವನ್ನಾಗಿ ಮಾಡಿದನೆಂಬ ದೂರು ನಿಲ್ಲಲಾರದು. ಅವನು ಪ್ರಾಣ ಬಿಟ್ಟ ಮೇಲೆ ಗುರುಪುತ್ರನು ಮಲಗಿದವರನ್ನು ಕೊಲ್ಲಲು ಬಿಲ್ಲು ಹಿಡಿದು ನಡೆವನು.

ಅಧಿಕಾರವಿದ್ದಾಗ ದುರ್ಯೋಧನನಿಗೆ ವಿವೇಕವಿರಲಿಲ್ಲ. ವಿವೇಕ ಮೂಡಿದಾಗ ಒಂದು ರಾತ್ರಿಯ ಕೊಲೆಯನ್ನೂ ತಡೆಯುವ ಶಕ್ತಿ ಉಳಿಯಲಿಲ್ಲ. ಸ್ವರ್ಗದಿಂದ ಬಂದ ವಿಮಾನವೂ ಈ ನಷ್ಟವನ್ನು ತುಂಬಲಾರದು. ಸಹೃದಯರು ಅವನಿಗಾಗಿ ಕಣ್ಣೀರಿಟ್ಟರೆ ದ್ರೌಪದಿಗೆ ದ್ರೋಹವಿಲ್ಲ. ಆಕೆಯ ಪರವಾದ ಸಾಕ್ಷ್ಯವನ್ನು ಅವನ ಬಾಯಿಂದಲೇ ಕವಿಯು ನುಡಿಸಿರುವನಷ್ಟೆ.