ಪಠ್ಯದ 0.4 ಓಮ್ ಮತ್ತು ಜೀಪಿನ ಮಂದ ದೀಪ

ದ್ವಿತೀಯ ಪಿಯುಸಿಯಲ್ಲಿ ಬಳಕೆಯಲ್ಲಿರುವ ಎನ್‌ಸಿಇಆರ್‌ಟಿ ಭೌತಶಾಸ್ತ್ರ ಪಠ್ಯವನ್ನು ತೆರೆದು, ವಿದ್ಯುತ್ ಪ್ರವಾಹದ ಅಧ್ಯಾಯದ ಕೊನೆಗೆ ಹೋಗಿ. ಅಭ್ಯಾಸದ ಮೊದಲ ಲೆಕ್ಕವೇ ಕಾರಿನ ಬ್ಯಾಟರಿಯನ್ನು ಕುರಿತದ್ದು. ಅದರ ವಿದ್ಯುಚ್ಚಾಲಕ ಬಲ 12 ವೋಲ್ಟ್, ಆಂತರಿಕ ರೋಧ 0.4 ಓಮ್ ಎಂದು ಕೊಟ್ಟು, ಪಡೆಯಬಹುದಾದ ಗರಿಷ್ಠ ಪ್ರವಾಹ ಎಷ್ಟೆಂದು ಕೇಳಲಾಗಿದೆ. ವಿದ್ಯಾರ್ಥಿ 12ನ್ನು 0.4ರಿಂದ ಭಾಗಿಸಿ 30 ಆಂಪಿಯರ್ ಎಂದು ಬರೆಯುತ್ತಾನೆ. ಪೂರ್ಣ ಅಂಕ ಸಿಗುತ್ತದೆ.

ಆದರೆ ಈ ಬ್ಯಾಟರಿಯಿಂದ ಯಾವ ಕಾರೂ ಹೊರಡದು. ಡೀಸೆಲ್ ಜೀಪಿನ ಸ್ಟಾರ್ಟರ್ ಮೋಟಾರು ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಮೇಲಾಗಿ ಲೆಕ್ಕದ 30 ಆಂಪಿಯರ್ ದೊರೆಯುವುದು ಬ್ಯಾಟರಿಯ ಎರಡು ಧ್ರುವಗಳನ್ನು ನೇರವಾಗಿ ಕೂಡಿಸಿದಾಗ, ಅಂದರೆ ಹೊರಗಿನ ಕೆಲಸಕ್ಕೆ ಒಂದು ವೋಲ್ಟೂ ಉಳಿಯದಾಗ. ಸುಸ್ಥಿತಿಯಲ್ಲಿರುವ ಕಾರು ಬ್ಯಾಟರಿಯ ಆಂತರಿಕ ರೋಧ 0.01 ಓಮ್ ಆಸುಪಾಸಿನದು, ಅನೇಕ ವೇಳೆ ಅದಕ್ಕಿಂತಲೂ ಕಡಿಮೆ. ಸೂತ್ರ ಕಲಿಸಲು ಯಾವ ಅಂಕಿಯಾದರೇನು ಎಂದು ಕೆಲವು ಅಧ್ಯಾಪಕರು ವಾದಿಸಬಹುದು. ಹಾಗಾದರೆ ಕಾರಿನ ಹೆಸರು ಏಕೆ ಬೇಕಿತ್ತು? 0.01 ಓಮ್ ಎಂದು ಕೊಟ್ಟಿದ್ದರೆ ಉತ್ತರ 1200 ಆಂಪಿಯರ್ ಬರುತ್ತಿತ್ತು. ಬ್ಯಾಟರಿಯ ಮೇಲೆ ಸ್ಪ್ಯಾನರ್ ಅಡ್ಡ ಬಿದ್ದರೆ ಏಕೆ ಬೆಂಕಿ ಹಾರುತ್ತದೆ ಎಂಬುದೂ ಅದೇ ಲೆಕ್ಕದಲ್ಲಿ ತಿಳಿಯುತ್ತಿತ್ತು.

ಈ 0.4 ಓಮ್ ವಾಹನದಲ್ಲಿ ಎಲ್ಲೂ ಇಲ್ಲವೆಂದಲ್ಲ. ಪಠ್ಯ ಅದನ್ನು ಇಟ್ಟ ಜಾಗ ತಪ್ಪು. ಅದರ ನಿಜವಾದ ಮನೆ ನೋಡಬೇಕಾದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಳೆಯ ಜೀಪುಗಳನ್ನು ನೋಡಬೇಕು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ. ಹೊಸನಗರದ ಹುಲಿಕಲ್ ಕೂಡ ಹಿಂದೆ ಬಿದ್ದಿಲ್ಲ. ಅಡಿಕೆ ತೋಟದ ಅಂಚಿನ ತಗಡಿನ ಮಾಡಿನಡಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಲ್ಲುವ ಜೀಪಿನಲ್ಲಿ ತಾಮ್ರದ ತುದಿಗಳು ಹಸಿರುಗಟ್ಟುತ್ತವೆ, ಬೋಲ್ಟಿನಡಿಯ ತಗಡು ತುಕ್ಕು ಹಿಡಿಯುತ್ತದೆ. ವಾಹನದಲ್ಲಿ ದೀಪದಿಂದ ಬ್ಯಾಟರಿಗೆ ಮರಳುವ ದಾರಿ ಬಹುಪಾಲು ತಂತಿಯಲ್ಲ, ಲೋಹದ ಮೈಯೇ. ನಮ್ಮ ಎಲೆಕ್ಟ್ರೀಷಿಯನ್ನರು ಅದನ್ನು ‘ಬಾಡಿ ಅರ್ತ್’ ಎನ್ನುತ್ತಾರೆ. ಆ ದಾರಿಯ ಒಂದು ಬೋಲ್ಟು ತುಕ್ಕು ಹಿಡಿದರೆ ಸಾಕು.

ಲೆಕ್ಕ ಮಾಡೋಣ. 12 ವೋಲ್ಟಿನಲ್ಲಿ 60 ವಾಟ್ ಬಳಸುವ ಬಲ್ಬಿನ ತಂತು ಉರಿಯುವಾಗ ಅದರ ರೋಧ 2.4 ಓಮ್. ಎರಡು ಬಲ್ಬುಗಳು ಸಮಾಂತರವಾಗಿ 1.2 ಓಮ್. ಎರಡರ ಮರುದಾರಿಯೂ ಒಂದೇ ಬೋಲ್ಟಿನ ಮೂಲಕವಿದ್ದು, ಅಲ್ಲಿ 0.4 ಓಮ್ ಸೇರಿದೆ ಎನ್ನಿ. ಪ್ರವಾಹ 10ರಿಂದ 7.5 ಆಂಪಿಯರಿಗೆ ಇಳಿಯುತ್ತದೆ. ಬಲ್ಬಿಗೆ ಸಿಗುವುದು 9 ವೋಲ್ಟ್, ಉಳಿದ 3 ವೋಲ್ಟ್ ಬೋಲ್ಟಿನ ಪಾಲು. (ತಂತು ತಣ್ಣಗಾದಷ್ಟೂ ಅದರ ರೋಧ ತಗ್ಗುವುದರಿಂದ ನಿಜದಲ್ಲಿ ಅಂಕಿಗಳು ತುಸು ಬದಲಾಗುತ್ತವೆ, ತರಗತಿಗೆ ಇಷ್ಟು ಸಾಕು.) ತಂತುದೀಪದ ಬೆಳಕು ವಿಭವಾಂತರದ ಸುಮಾರು 3.4ನೇ ಘಾತಕ್ಕೆ ಅನುಗುಣವಾದ್ದರಿಂದ ವೋಲ್ಟೇಜು ಕಾಲುಭಾಗ ಕಡಿಮೆಯಾದರೆ ಬೆಳಕು ಶೇಕಡಾ 38ಕ್ಕೆ ಕುಸಿಯುತ್ತದೆ. ಬೋಲ್ಟಿನಲ್ಲಿ ವ್ಯಯವಾಗುವ ಶಾಖ 22.5 ವಾಟ್. ರೇಡಿಯೊ ರಿಪೇರಿಯವರ ಬೆಸುಗೆ ಕಡ್ಡಿ 25 ವಾಟಿನದು!

ಬೆಳಕು ಸಾಲದೆಂದು ಮಾಲೀಕ 100 ವಾಟಿನ ಬಲ್ಬು ಹಾಕಿಸುತ್ತಾನೆ. ಒಂದರ ರೋಧ 1.44, ಎರಡೂ ಸೇರಿ 0.72 ಓಮ್. ಪ್ರವಾಹ 10.7 ಆಂಪಿಯರಿಗೆ ಏರುತ್ತದೆ. ಬಲ್ಬಿನ ಪಾಲಿಗೆ ಉಳಿಯುವುದು 7.7 ವೋಲ್ಟ್ ಮಾತ್ರ. ಅಲ್ಲಿ ಅದು ತನ್ನ ಪೂರ್ಣ ಬೆಳಕಿನ ಕಾಲುಭಾಗವನ್ನೂ ಕೊಡಲಾರದು. ಅಂತಿಮ ಬೆಳಕು ಹಳೆಯ ಬಲ್ಬಿನಷ್ಟೇ. ಬೋಲ್ಟಿನ ಶಾಖ ಮಾತ್ರ 46 ವಾಟಿಗೆ, ಅಂದರೆ ದುಪ್ಪಟ್ಟಿಗೆ ಏರುತ್ತದೆ. ರಿಲೇ ಇಲ್ಲದ ಹಳೆಯ ಜೀಪಿನಲ್ಲಿ ಇಷ್ಟೂ ಪ್ರವಾಹ ಸ್ವಿಚ್ಚಿನ ಮೂಲಕವೇ ಹರಿಯಬೇಕು. ಸ್ವಿಚ್ಚು ಕರಗುವುದು, ತಂತಿಯ ಹೊದಿಕೆ ಸುಡುವುದು ಮುಂದಿನ ಅಧ್ಯಾಯ. ಹುಲಿಕಲ್ ಘಾಟಿಯ ತಿರುವಿನಲ್ಲಿ ರಾತ್ರಿ ದೀಪ ಪೂರ್ತಿ ಆರಿದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ಹತ್ತನೆಯ ತರಗತಿಯ ಪಠ್ಯದಲ್ಲಿಯೂ 100 ವಾಟ್ ಮತ್ತು 60 ವಾಟ್ ದೀಪಗಳ ಲೆಕ್ಕವೊಂದಿದೆ. ಮುಖ್ಯ ಸರಬರಾಜಿಗೆ ಸಮಾಂತರವಾಗಿ ಜೋಡಿಸಿದ ಅವುಗಳ ಒಟ್ಟು ಪ್ರವಾಹ ಕಂಡುಹಿಡಿದರೆ ಮುಗಿಯಿತು. ಹೀಟರಿನ ತಂತಿ ಏಕೆ ಕೆಂಪಾಗುವುದಿಲ್ಲವೆಂಬ ಅದೇ ಪುಸ್ತಕದ ಪ್ರಶ್ನೆ ಮಾತ್ರ ನಿಜಕ್ಕೂ ಒಳ್ಳೆಯದು. ತಂತಿಗೂ ರೋಧವಿದೆ ಎಂದು ಅದು ನೆನಪಿಸುತ್ತದೆ. ಕೂಡುಗಂಟಿಗೂ ರೋಧವಿದೆ ಎಂದು ಯಾರೂ ಕೇಳುವುದಿಲ್ಲ. ತಂತಿಯ ತುದಿಗಳನ್ನು ಮರಳು ಕಾಗದದಿಂದ ಉಜ್ಜಬೇಕೆಂದು ಪ್ರಯೋಗ ಪುಸ್ತಕದ ‘ಮುನ್ನೆಚ್ಚರಿಕೆ’ಯಲ್ಲಿ ನಮ್ಮ ವಿದ್ಯಾರ್ಥಿಗಳು ತಪ್ಪದೆ ಬರೆಯುತ್ತಾರೆ. ಉಜ್ಜದಿದ್ದರೆ ಏನಾಗುತ್ತದೆಂದು ಅಳೆದವರು ಎಷ್ಟು ಮಂದಿ?

ಅಳೆಯುವುದು ಕಷ್ಟವಲ್ಲ, ಆದರೆ ಇಲ್ಲೊಂದು ಬಲೆಯಿದೆ. ಬಲ್ಬಿನ ಸಾಕೆಟ್ ಕಳಚಿ ಮಲ್ಟಿಮೀಟರ್ ಹಿಡಿದರೆ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಮೀಟರಿನ ರೋಧ ಲಕ್ಷಾಂತರ ಓಮ್. ಪ್ರವಾಹವೇ ಹರಿಯದಿದ್ದರೆ ತುಕ್ಕಿನಲ್ಲಿ ವಿಭವಪಾತವೂ ಇಲ್ಲ. ‘ಕರೆಂಟು ಸರಿಯಾಗಿದೆ, ಬಲ್ಬೇ ಹೋಗಿದೆ’ ಎಂಬ ತೀರ್ಪು ಹುಟ್ಟುವುದು ಹೀಗೆ. ದೀಪ ಉರಿಯುತ್ತಿರುವಾಗಲೇ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣ ಧ್ರುವಕ್ಕೂ ಇನ್ನೊಂದನ್ನು ಬಲ್ಬಿನ ಅರ್ತ್ ತುದಿಗೂ ಹಿಡಿಯಬೇಕು. ಸೊನ್ನೆಯ ಸಮೀಪವಿರಬೇಕಾದ ಮೀಟರು 3 ವೋಲ್ಟ್ ತೋರಿಸಿದರೆ ಕಳ್ಳ ಆ ದಾರಿಯಲ್ಲಿದ್ದಾನೆ. ಧನ ಧ್ರುವದಿಂದ ಬಲ್ಬಿನವರೆಗೂ ಹೀಗೆಯೇ ನೋಡಬೇಕು. ಮೀಟರಿಲ್ಲದ ಎಲೆಕ್ಟ್ರೀಷಿಯನ್ನರು ಬ್ಯಾಟರಿಯಿಂದ ದೀಪಕ್ಕೆ ನೇರ ತಂತಿ ತಾಗಿಸಿ ನೋಡುತ್ತಾರಲ್ಲ, ಅದು ನಮ್ಮ ಅನೇಕ ಪ್ರಯೋಗಾಲಯದ ಪ್ರಯೋಗಗಳಿಗಿಂತ ಚೊಕ್ಕವಾದ ಪ್ರಯೋಗ. ಪರಿಹಾರ ಅಗ್ಗ: ಬೋಲ್ಟು ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸು ಸವರುವುದು.

ಪಠ್ಯ ಪರಿಷ್ಕರಿಸುವವರಿಗೆ ಒಂದು ಲೆಕ್ಕ ಸೂಚಿಸುತ್ತೇನೆ. ಜೀಪಿನ ಎರಡು ದೀಪಗಳಲ್ಲೂ ಹೈ ಬೀಮಿಗೆ 60 ವಾಟ್, ಲೋ ಬೀಮಿಗೆ 55 ವಾಟ್ ತಂತುಗಳಿವೆ; ಪ್ರತಿ ಬಲ್ಬಿನಲ್ಲಿ ಎರಡು ತಂತುಗಳಿಗೂ ಒಂದೇ ಅರ್ತ್ ತುದಿ. ಎಡ ದೀಪದ ಅರ್ತ್ ಪೂರ್ತಿ ಕಡಿದಿದೆ. ಹೈ ಬೀಮ್ ಹಾಕಿದರೆ ಬಲ ದೀಪ ಪ್ರಖರವಾಗಿ ಉರಿಯುತ್ತದೆ, ಎಡ ದೀಪದ ಎರಡೂ ತಂತುಗಳು ಮಂದವಾಗಿ ಕೆಂಪಾಗುತ್ತವೆ; ಸ್ವಿಚ್ಚು ಹಾಕದಿದ್ದರೂ ಬಲ ದೀಪದ ಲೋ ಬೀಮ್ ತಂತು ಕೂಡ ಮಿಣುಕುತ್ತದೆ. ಪ್ರವಾಹ ಹಿಡಿದ ದಾರಿಯನ್ನು ಮಂಡಲ ಬರೆದು ತೋರಿಸಿ. ಎಡ ದೀಪಕ್ಕೆ ಹೊಸ ಬಲ್ಬು ಹಾಕಿದರೆ ಏನು ಬದಲಾಗುತ್ತದೆಂದು ತಿಳಿಸಿ.