ಕಗ್ಗ: ಶ್ರಾವಕನ ದೃಷ್ಟಿಯಲ್ಲಿ

ಕೋಲಾರ ಸೀಮೆಯ ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ (1943) ಜೈನಕೃತಿಯಲ್ಲ. ಅಲ್ಲಿ ಪರಬ್ರಹ್ಮವಿದೆ, ವಿಧಿಯಿದೆ. ನಮ್ಮ ದರ್ಶನದಲ್ಲಿ ಜಗತ್ಕರ್ತನಿಗೆ ಸ್ಥಾನವಿಲ್ಲ. ಹೀಗಿರುವಾಗ 945 ಪದ್ಯಗಳ ಈ ಕೃತಿ ಶ್ರಾವಕರ ಮನೆಯ ಸ್ವಾಧ್ಯಾಯಕ್ಕೆ ಒದಗೀತೆ?

ಪದ್ಯಾಂತ್ಯದ ಅಂಕಿತವನ್ನು ಗಮನಿಸಬೇಕು. ರತ್ನಾಕರವರ್ಣಿಯ ‘ರತ್ನಾಕರಾಧೀಶ್ವರ ಶತಕ’ದ ಪದ್ಯಗಳು ಜಿನನ ಸಂಬೋಧನೆಯಲ್ಲಿ ಮುಗಿಯುತ್ತವೆ. ಕಗ್ಗದ ಸಂಬೋಧನೆ ಮಂಕುತಿಮ್ಮನಿಗೆ; ಕವಿ ತನ್ನ ಮಂಕು ಮನಸ್ಸಿಗೇ ಹೇಳಿಕೊಂಡ ಮಾತೆಂದು ಅದನ್ನು ಓದಬಹುದು. ಇತ್ತ ವೀತರಾಗನೂ ವರವೀಯುವವನಲ್ಲ; ಅವನ ಸ್ತುತಿ ಕಡೆಗೆ ಸ್ತುತಿಸುವವನ ಆತ್ಮಶೋಧನೆಯೇ. ದಾರಿ ಎರಡಾದರೂ ಪದ್ಯ ಕಟ್ಟುವ ಕಾರ್ಯ ಎರಡರಲ್ಲೂ ತನ್ನನ್ನು ತಿದ್ದಿಕೊಳ್ಳುವ ನಿತ್ಯವ್ರತವಾಗಿದೆ.

ಕೊಡುವ ಕರ್ತನಿಲ್ಲದಿದ್ದರೆ ಕೃತಜ್ಞತೆ ಯಾರಿಗೆ? ಜೀವಿಗಳು ಪರಸ್ಪರ ಉಪಕಾರಿಗಳೆಂದು ‘ತತ್ತ್ವಾರ್ಥಸೂತ್ರ’ ಸಾರುತ್ತದೆ. ಹುಲ್ಲು, ಮಲ್ಲಿಗೆ, ಬೆಲ್ಲ ಮೊದಲಾದ ಮನೆ-ಬಯಲಿನ ವಸ್ತುಗಳನ್ನೇ ಉಪಮೆಯಾಗಿಸಿದ ಕಗ್ಗವೂ ನಮ್ಮನ್ನು ಅಲ್ಲಿಗೇ ಕರೆದೊಯ್ಯುತ್ತದೆ: ಪಡೆದುದರ ಋಣ ತೀರುವುದು ದೀನರಿಗೆ ಒದಗುವುದರಿಂದ. ಕವಿಯ ಬಾಳೂ ಇದಕ್ಕೆ ಹೊರತಲ್ಲ. 1970ರಲ್ಲಿ ಸನ್ಮಾನದೊಡನೆ ಬಂದ ನಿಧಿಯನ್ನು ಅವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಒಪ್ಪಿಸಿದರು. ನಾವು ಇದನ್ನು ಅಪರಿಗ್ರಹವೆಂದು ಕರೆದರೆ ತಪ್ಪಾಗದು.

ವಿಧಿಯ ಮಾತು ಬಂದೆಡೆ ಮಾತ್ರ ಎಚ್ಚರ ಬೇಕು. ಕಷ್ಟವನ್ನು ವಿಧಿಯೆಂದು ಸಹಿಸುವುದು ಬೇರೆ. ಸ್ವಂತ ಕರ್ಮಫಲವೆಂದು ಅರಿತು, ಮುಂದಿನ ಬಂಧವನ್ನು ತಡೆಯುವ ಹೊಣೆ ಹೊರುವುದು ಬೇರೆ. ಮೊದಲನೆಯದು ಸಮಾಧಾನ ನೀಡೀತು. ಎರಡನೆಯದು ಪುರುಷಾರ್ಥವನ್ನು ಎಚ್ಚರಿಸುತ್ತದೆ. ಈ ಭೇದವನ್ನು ಮಕ್ಕಳಿಗೆ ತಿಳಿಹೇಳಿಯೇ ಕಗ್ಗವನ್ನು ಓದಿಸೋಣ. ಪರರ ಗ್ರಂಥದಲ್ಲಿ ಕಂಡ ಸದ್ಗುಣವನ್ನು ಮೆಚ್ಚುವ ಪ್ರಮೋದಭಾವವೂ ಶ್ರಾವಕಧರ್ಮವೇ ಅಲ್ಲವೆ?